ಮೊಣಕೈ ಊರಿದ ಕುರ್ಚಿ

ನಾನು ಸಾಗವಾನಿಯ ಕುರ್ಚಿ. ಬೆಟಗೇರಿಯ ಬಡಿಗೇರನೊಬ್ಬ ಎತ್ತರದ ಬೆನ್ನು, ಅಗಲವಾದ ಕೈಗಳನ್ನಿಟ್ಟು ನನ್ನನ್ನು ಮಾಡಿದ. ಮಾಡಿಸಿದವನು ದವಾಖಾನೆಯ ಕಾಂಪೌಂಡರ್ ಎಲೀಷಪ್ಪ. ಅವನಿಗೆ ಒಂದೇ ಆಸೆ: ಚರ್ಚಿನ ಸಭಾಹಿರಿಯನಾಗಿ, ವೇದಿಯ ಪಕ್ಕದಲ್ಲಿ ನನ್ನ ಮೇಲೆ ಕೂತು, ಎಲ್ಲರ ಕಣ್ಣಿಗೆ ಬೀಳಬೇಕು. ಪಾಲಿಶ್ ಆರುವ ಮೊದಲೇ ಆ ಆಸೆ ನನಗೂ ಅಂಟಿತು.

"ಆರಿಸಿ ಬಂದ ಮ್ಯಾಲ ಕುಂದರ್ತೀನಿ" ಎಂದು ಹೆಂಡತಿಗೆ ಹೇಳಿ, ಅವನು ನನ್ನ ಮೇಲೆ ಕೂರಲೇ ಇಲ್ಲ. ಬೆಳಗಾದರೆ ನನ್ನ ಮುಂದೆ ಮೊಣಕಾಲೂರಿ, ಹಲಗೆಯ ಮೇಲೆ ಮೊಣಕೈ ಇಟ್ಟು ಪ್ರಾರ್ಥಿಸುತ್ತಿದ್ದ. ನನಗೆ ಕಾಣುತ್ತಿದ್ದದ್ದು ಅವನ ನೆತ್ತಿ ಮಾತ್ರ.

"ಸ್ವಾಮಿ, ಈ ಸಲ ನನ್ನ ಹೆಸರ ಬರಲಿ. ಆ ಜಯವಂತಗ ಏನ್ ಗೊತ್ತೈತಿ?"

ಬೇಡಿಕೆಗಿಂತ ದೂರೇ ಹೆಚ್ಚು. ಅವನ ಚಡಪಡಿಕೆಗೆ ನನ್ನ ಕಾಲುಗಳೆಲ್ಲ ಕಿರುಗುಟ್ಟುತ್ತಿದ್ದವು. ಎರಡು ಸಲ ಚುನಾವಣೆಗೆ ನಿಂತ, ಎರಡು ಸಲವೂ ಜಯವಂತನೇ ಆರಿಸಿ ಬಂದ.

ಎರಡನೆಯ ಸೋಲಿನ ಮರುದಿನ ಮೊಣಕಾಲೂರಿದವನಿಗೆ ಬೇಡಲು ಏನೂ ತೋಚಲಿಲ್ಲ. ಅವನವ್ವ ರೊಟ್ಟಿ ಬಡಿಯುತ್ತ ಹಾಡುತ್ತಿದ್ದ ಕೀರ್ತನೆಯೊಂದನ್ನು ಮೆಲ್ಲಗೆ ಎತ್ತಿಕೊಂಡ. ಮುಗಿದಾಗ ನಕ್ಕ.

"ಸ್ವಾಮಿ, ನೀ ಇಲ್ಲೇ ಅದೀ. ನಾನ ನಿನ್ನ ಕಡೆ ನೋಡಿರಲಿಲ್ಲ."

ನಗುನಗುತ್ತಲೇ ಒಂದು ಹನಿ ಉದುರಿಸಿದ. ಪಾಲಿಶ್ ಕೆಡುತ್ತದೆಂದು ನನಗೆ ಸಿಟ್ಟು ಬಂತು.

ಅಂದಿನಿಂದ ಅವನು ದೇವರೊಂದಿಗಿರುವ ಖುಷಿಗೆಂದೇ ಬರತೊಡಗಿದ. ಚುನಾವಣೆಯ ಮಾತು ಕಡಿಮೆಯಾಗುತ್ತ ಒಂದು ದಿನ ನಿಂತೇಹೋಯಿತು. "ತಬಿತವ್ವನ ಗಂಡಗ ನಿದ್ದಿ ಬರಲಿ, ಜಯವಂತನ ಮಗಳ ಜ್ವರ ಇಳೀಲಿ" ಎಂದು ಪರರ ಚಿಂತೆಯೇ ಬಾಯಲ್ಲಿ. ನನಗೋ ಗಾಬರಿ. ಇವನು ಹೀಗೆ ತೃಪ್ತನಾಗಿಬಿಟ್ಟರೆ ನನ್ನನ್ನು ವೇದಿಯ ಹತ್ತಿರ ಒಯ್ಯುವವರು ಯಾರು?

ಒಯ್ದರು, ಚರ್ಚಿನ ಸುಗ್ಗಿ ಹಬ್ಬಕ್ಕೆ. ಕೂರಲು ಬೆಂಚು ಸಾಲದೆಂದು ಮನೆಮನೆಯ ಕುರ್ಚಿ ತರಿಸಿದ್ದರು. ಎಲೀಷಪ್ಪ ಅರ್ಪಿಸಿದ ಕುಂಬಳಕಾಯಿಯನ್ನು ಯಾರೋ ನನ್ನ ಮೇಲಿಟ್ಟು, ಜೋಳದ ತೆನೆಗಳ ನಡುವೆ ವೇದಿಯ ಮುಂದೆಯೇ ನಿಲ್ಲಿಸಿದರು. ನಾನು ಹಿಗ್ಗಿಹೋದೆ. ಆರಾಧನೆ ಮುಗಿದ ಮೇಲೆ ಕಾಣಿಕೆಗಳನ್ನು ಹರಾಜು ಹಾಕುವ ಲಿಲಾವು ಶುರುವಾಯಿತು. ಕೂಗುವವನು ನಾನೂ ಕಾಣಿಕೆಯೇ ಎಂದು ತಿಳಿದು, ಕುಂಬಳಕಾಯಿಯ ಸಂಗಡ ನನ್ನನ್ನೂ ಕೂಗಿಬಿಟ್ಟ! ಕುಂಬಳಕಾಯಿಗೆಂದು ಸವಾಲು ಹಾಕಿದ್ದ ತಬಿತವ್ವನ ಪಾಲಾದೆ.

"ಅಯ್ಯ, ಅಣ್ಣಾರ ಕುರ್ಚಿ ನನಗ್ಯಾಕ? ತಗೊಂಡ ಹೋಗ್ರಿ" ಎಂದಳು ಅವಳು.

"ವೇದಿ ಮುಂದ ಇಟ್ಟದ್ದ ತಿರುಗಿ ಒಯ್ಯಬಾರದವ್ವ" ಎಂದು ಎಲೀಷಪ್ಪ ನಕ್ಕ. ಅವನ ಮುಖದಲ್ಲಿ ಒಂದಿಷ್ಟೂ ನೋವಿಲ್ಲದ್ದು ಕಂಡು ನನ್ನ ಹೊಟ್ಟೆ ಉರಿಯಿತು.

ತಬಿತವ್ವನ ಗಂಡ ಲಕ್ವ ಹೊಡೆದು ಮಲಗಿದವನು. ಅವನ ಔಷಧಿ ಬಾಟಲಿ, ಒಗೆದ ಧೋತರ, ಎಲ್ಲಕ್ಕೂ ನಾನೇ. ಆದರೆ ಶನಿವಾರ ಸಂಜೆ ಬಾಗಿಲ ಚಿಲಕ ಸದ್ದು ಮಾಡುತ್ತಿತ್ತು. ಎಲೀಷಪ್ಪ ಬಂದು, ಬಾಟಲಿಗಳನ್ನು ಕೆಳಗಿಟ್ಟು, ನನ್ನ ಮೇಲೆ ಮೊಣಕೈ ಊರಿ ರೋಗಿಗಾಗಿ ಪ್ರಾರ್ಥಿಸಿ ಹಾಡುತ್ತಿದ್ದ. ಮಲಗಿದವನ ಒಂದು ಕೈ ಹಾಸಿಗೆಯ ಮೇಲೆ ತಾಳ ಹಾಕುತ್ತಿತ್ತು. ವರ್ಷಗಳು ಕಳೆದವು. ನನ್ನ ಒಂದು ಕಾಲು ಮುರಿದು, ಅದರ ಕೆಳಗೆ ಇಟ್ಟಿಗೆ ಬಂತು.

ಹೋದ ತಿಂಗಳ ಒಂದು ಶನಿವಾರ ಹಾಡಿನ ನಡುವೆ ಜಯವಂತನೇ ಒಳಗೆ ಬಂದ.

"ಎಲೀಷಪ್ಪಣ್ಣ, ಈ ಸಲ ಸಭಾಹಿರಿಯರ ಜಾಗಕ್ಕ ಎಲ್ಲಾರೂ ನಿಮ್ಮ ಹೆಸರ ಹೇಳ್ಯಾರ. ಒಪ್ಪಿಕೋಬೇಕ್ರಿ."

"ಆಗಲಿ. ದೇವರ ಕೆಲಸ, ಮಾಡೋಣ. ಈ ಕೀರ್ತನಿ ಒಂದ ಮುಗೀಲಿ."

ಜಯವಂತನ ಕಣ್ಣು ನನ್ನ ಮೇಲೆ ಬಿತ್ತು. "ಇದು ನಿಮ್ಮ ಕುರ್ಚಿ ಅಲ್ಲೇನ್ರಿ? ತಬಿತವ್ವಗ ಬ್ಯಾರೆ ಕೊಡೋಣು. ಇದನ್ನ ದುರಸ್ತಿ ಮಾಡಿಸಿ ವೇದಿ ಹತ್ರ ಇಡೋಣು."

ಜೀವಮಾನವಿಡೀ ಕಾದ ಮಾತು! ಆದರೆ ಕೇಳಿದೊಡನೆ ನನಗೆ ಗಾಬರಿಯಾಯಿತು. ಹಾಗಾದರೆ ಶನಿವಾರ ಇವನು ಮೊಣಕೈ ಎಲ್ಲಿ ಊರಬೇಕು?

"ಬ್ಯಾಡಪ್ಪ, ಅಲ್ಲಿ ಕುಂದರಾಕ ಬೆಂಚ ಐತೆಲ್ಲ" ಎಂದ ಎಲೀಷಪ್ಪ, ನನ್ನ ಹಲಗೆಯಲ್ಲಿ ಸವೆದ ಎರಡು ಕುಳಿಗಳಿಗೆ ಮೊಣಕೈ ಇಟ್ಟು ಉಳಿದ ಚರಣ ಹಾಡಿದ.

ಚಡಪಡಿಕೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಇಂದು ಶುಕ್ರವಾರ. ಈಗಲೇ ಕುಂಟ ಕಾಲು ಇಟ್ಟಿಗೆಯ ಮೇಲೆ ಅಲುಗುತ್ತಿದೆ. ನಾಳೆ ಚಿಲಕ ಸದ್ದು ಮಾಡುತ್ತದೆ.