ಮೂರು ಮನೆ ಕೆಳಗೆ

ನಾನೊಂದು ಸೀಕ್ವೆನ್ಸರ್. ಹೆಸರು ಕೇಳಿದ ಕೂಡಲೇ ಮೂಗು ಮುರಿಯಬೇಡಿ, ನನಗೆ ಮೈ ಉರಿಯುವುದೇ ಅದಕ್ಕೆ. ಕೀಬೋರ್ಡ್ ಅಂದರೆ ಮಕ್ಕಳಿಗೂ ಗೊತ್ತು, ಢೋಲಕ್ ಅಂದರೆ ಅಜ್ಜಿಯರಿಗೂ ಗೊತ್ತು. ನನ್ನನ್ನು ಕಂಡವರು ಮಾತ್ರ ಕೇಳುವುದು ಒಂದೇ ಮಾತು: "ಈ ಡಬ್ಬಿ ಏನ್ ಮಾಡ್ತೈತಿ?" ಡಬ್ಬಿಯಂತೆ! ಅವಲಕ್ಕಿ ಹಾಕಿಡುವುದಕ್ಕೆ ತಂದಿದ್ದಾರೇನೋ ಎನ್ನುವ ಹಾಗೆ.

ಜಪಾನಿನ ಕಾರ್ಖಾನೆಯೊಂದರಲ್ಲಿ ನೀಲಿ ಟೊಪ್ಪಿಗೆಯ ಹೆಂಗಸೊಬ್ಬಳು ನನ್ನ ಬೆನ್ನಿಗೆ ಕೊನೆಯ ಸ್ಕ್ರೂ ತಿರುಗಿಸಿದಾಗ ನಾನು ಹುಟ್ಟಿದೆ. ನನ್ನೊಳಗೆ ತಂತಿಯಿಲ್ಲ, ಚರ್ಮವಿಲ್ಲ, ಒಂದು ಸ್ಪೀಕರ್ ಕೂಡ ಇಲ್ಲ. ಸ್ವಂತ ದನಿ ಎನ್ನುವುದನ್ನು ನನಗೆ ಕೊಡಲೇ ಇಲ್ಲ. ಯಾವ ವಾದ್ಯ, ಯಾವ ಸ್ವರ, ಯಾವಾಗ, ಎಷ್ಟು ಜೋರಾಗಿ ಎಂಬುದನ್ನು ನೆನಪಿಟ್ಟುಕೊಂಡು, ಸುತ್ತ ಕೂತ ಯಂತ್ರಗಳಿಗೆ ವೈರುಗಳ ಮೂಲಕ ಅಪ್ಪಣೆ ಕೊಡುವುದು ನನ್ನ ಕೆಲಸ. ಮದುವೆಯಲ್ಲಿ ಬಡಿಸುವವರು ಎಲ್ಲರಿಗೂ ಕಾಣುತ್ತಾರೆ. ಅಡುಗೆಮನೆಯ ಬಾಗಿಲಲ್ಲಿ ನಿಂತು 'ಸಾರು ಕಳಿಸು, ಪಾಯಸ ಕಳಿಸು' ಎಂದು ಕೂಗುವವನು ಯಾರಿಗೂ ಕಾಣುವುದಿಲ್ಲ. ನಾನು ಆ ಕೂಗುವವನು.

ಮೊದಲು ಬೆಂಗಳೂರಿನ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿದ್ದೆ. ಸುತ್ತ ಯಾವ ವಾದ್ಯದ ದನಿಯನ್ನಾದರೂ ಹೊರಡಿಸುವ ನಾಲ್ಕು ಸಿಂಥಸೈಜರ್‌ಗಳು, ನಟ್ಟನಡುವೆ ನಾನು. ಪಿಟೀಲು, ಕೊಳಲು, ತಬಲ ಎಲ್ಲವೂ ನನ್ನ ಮಾತಿಗೆ ಕಾಯುತ್ತಿದ್ದವು. ಆಮೇಲೆ ಕಂಪ್ಯೂಟರ್ ಬಂತು. ವರ್ಷಗಟ್ಟಲೆ ನನ್ನಿಂದ ಹಾಡು ಮಾಡಿಸಿಕೊಂಡ ಯಜಮಾನರು ನನ್ನನ್ನು ಒಂದು ಮಾತೂ ಕೇಳದೆ ವೈರು ಕಿತ್ತು, ಮೂಲೆಯಲ್ಲಿ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟರು. ಬಂದವರ ಹೆಲ್ಮೆಟ್ಟು ನನ್ನ ತಲೆಯ ಮೇಲೆ!

ಅಲ್ಲಿಂದ ನನ್ನನ್ನು ಎತ್ತಿಕೊಂಡು ಬಂದವಳು ಗದಗ-ಬೆಟಗೇರಿಯ ಎಸ್ತರ್. ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವಳು, ಸಂಜೆ 'ಸುಮಧುರ ಮೆಲೋಡೀಸ್' ಎಂಬ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಬಾರಿಸುತ್ತಿದ್ದಳು. ಬೆರಳು ಚುರುಕು, ಮನಸ್ಸು ಮೆತ್ತಗೆ. ಎಡಕ್ಕೊಂದು ಕೀಬೋರ್ಡ್, ಬಲಕ್ಕೊಂದು ಕೀಬೋರ್ಡ್, ಕೆಳಗೆ ತಾಳದ ಯಂತ್ರ, ನಡುವೆ ಮತ್ತೆ ನಾನು. ಹೋದ ಮಾನ ಬಂತು ಅಂದುಕೊಂಡೆ.

ಎಲ್ಲಿಯ ಮಾನ! ಢೋಲಕ್ ಬಾರಿಸುವ ದಾವಲಸಾಬ ಮೊದಲ ದಿನವೇ ನನ್ನನ್ನು ಕೆಕ್ಕರಿಸಿ ನೋಡಿದ. ತಾಳವೆಲ್ಲ ನನ್ನ ಪಾಲಾಗಿ ಅವನ ಕೈಗೆ ಬರೀ ಗಿಲಕಿ ಉಳಿದಿತ್ತು, ನಿಜ. ಹಾಗೆಂದು ಎಲ್ಲರೆದುರು "ಇದಕ್ಕ ಉಸರ ಇಲ್ಲಬೇ ಎಸ್ತರವ್ವಾ, ಹೆಣಾ ಕುಣಿಸಿದಂಗ ಕುಣಸ್ತೈತಿ" ಅನ್ನುವುದೇ? ಒಂದು ಮಾತ್ರೆ ತಪ್ಪದೆ ಇಡೀ ಮೇಳವನ್ನು ದಡ ಮುಟ್ಟಿಸುವವನು ನಾನು, ಹೆಣವೂ ನಾನೇ!

ಮೇಳದ ಹಾಡುಗಾರ ಮಾನಪ್ಪ ಪತ್ತಾರ. ಹಗಲು ಕುಲುಮೆಯ ಮುಂದೆ ಕೂತು ಬೆಂಡೋಲೆ ಮಾಡುತ್ತಿದ್ದ, ಸಂಜೆ ಮೈಕು ಹಿಡಿಯುತ್ತಿದ್ದ. ಏರುದನಿಯ ಮಾನಪ್ಪ ಅಂದರೆ ಸುತ್ತಮುತ್ತಲಿನ ಊರಿಗೆಲ್ಲ ಗೊತ್ತು. ಅವನೇ ರಾಗ ಕೂಡಿಸಿದ ಒಂದು ಹಾಡಿತ್ತು, ಎರಡನೆಯ ಚರಣದಲ್ಲಿ ಮೇಲಿನ ಷಡ್ಜಕ್ಕೆ ಹೋಗಿ ನಿಲ್ಲುವ ಹಾಡು. ಅಲ್ಲಿ ಅವನು ದನಿ ಎಳೆದು ನಿಲ್ಲಿಸಿದರೆ ಜನ ಎದ್ದು ನಿಲ್ಲುತ್ತಿದ್ದರು. "ನಂದು ಬಿಳಿ ನಾಕು. ಹುಟ್ಟಿದಾಗಿಂದ ಅಲ್ಲೇ" ಎಂದು ಮೀಸೆ ಸವರಿಕೊಳ್ಳುತ್ತಿದ್ದ. ಹಾರ್ಮೋನಿಯಮ್ಮಿನ ನಾಲ್ಕನೆಯ ಬಿಳಿ ಮನೆಯೇ ಅವನ ಷಡ್ಜ ಎಂದರ್ಥ.

ಕುಲುಮೆಯ ಹೊಗೆ ಗಂಟಲನ್ನು ಬಿಡುತ್ತದೆಯೇ? ಒಂದು ವರ್ಷ ಆ ಮೇಲಿನ ಷಡ್ಜದಲ್ಲಿ ದನಿ ನಡುಗಿತು. ಮಾನಪ್ಪ ನೆಗಡಿ ಅಂದ. ಎಸ್ತರ್ ಮನೆಗೆ ಬಂದವಳೇ ನನ್ನನ್ನು ಚಾಲೂ ಮಾಡಿ, ಅವನ ಹಾಡುಗಳನ್ನೆಲ್ಲ ಒಂದು ಮನೆ ಕೆಳಗಿಳಿಸಿದಳು. ಮುಂದಿನ ಕಾರ್ಯಕ್ರಮದಲ್ಲಿ ಅವನು ಲೀಲಾಜಾಲವಾಗಿ ಹಾಡಿ, "ನೋಡಿದೇನವಾ, ಗಂಟಲಾ ಬಂತು" ಎಂದ. ಅವನು ಶ್ರುತಿ ಹಿಡಿಯುತ್ತಿದ್ದದ್ದು ನಮ್ಮಿಂದಲೇ, ಗೊತ್ತಾಗುವುದಾದರೂ ಹೇಗೆ? ಕೆಲವು ವರ್ಷ ಕಳೆದು ಎರಡನೆಯ ಮನೆ. ಆಮೇಲೆ ಮೂರನೆಯದು, ನಡುವಿನ ಕರಿ ಮನೆಯನ್ನೂ ಎಣಿಸಿ. ಬಿಳಿ ನಾಲ್ಕು ಎಂದು ಮೈಕಿನಲ್ಲಿ ಹೇಳಿಕೊಳ್ಳುತ್ತ ಮಾನಪ್ಪ ಬಿಳಿ ಎರಡರಲ್ಲಿ ಹಾಡುತ್ತಿದ್ದ, ಜನ ಎದ್ದು ನಿಲ್ಲುತ್ತಿದ್ದರು. ಆ ಸುಳ್ಳನ್ನು ಹೊತ್ತವನು ನಾನು. ಬಿದ್ದುಹೋಗುವ ಮುದುಕನನ್ನು ಬೀಳದ ಹಾಗೆ ಹಿಡಿದುಕೊಂಡೆ, ತುಟಿ ಪಿಟಕ್ಕೆನ್ನಲಿಲ್ಲ.

ಅಂಥ ನನ್ನ ತಲೆಯ ಮೇಲೆ ಗೂಬೆ ಕೂರಿಸಿದ ಸಂಜೆಯ ಕಥೆ ಕೇಳಿ.

ತಂಗಿಯ ಬಾಣಂತನವೆಂದು ಎಸ್ತರ್ ಧಾರವಾಡಕ್ಕೆ ಹೋಗಿದ್ದಳು. ರೋಣದಲ್ಲೊಂದು ಮದುವೆಯ ಆರತಕ್ಷತೆ. ಅವಳ ಬದಲಿಗೆ ಹುಬ್ಬಳ್ಳಿಯಿಂದ ರಘುನಾಥಸಾ ಎಂಬ ಕೀಬೋರ್ಡಿನವನು ಬಂದ. ಕಪ್ಪು ಕನ್ನಡಕ, ಕೈತುಂಬ ಉಂಗುರ. ನನ್ನ ಪರದೆಯ ಮೇಲೆ 'ಮೂರು ಕೆಳಗೆ' ಎಂದಿರುವುದನ್ನು ಕಂಡು ಯಾರೋ ತಪ್ಪಿ ಒತ್ತಿದ್ದಾರೆ ಅಂದುಕೊಂಡ. ಕೇಳಿದನೇ? ಇಲ್ಲ. ಇದ್ದಬದ್ದದ್ದನ್ನೆಲ್ಲ ಒಟ್ಟಿಗೆ ಮೂರು ಮನೆ ಮೇಲಕ್ಕೆತ್ತಿದ. ಅಯ್ಯೋ ಮಹರಾಯ, ತಾಳದ ಸಾಲನ್ನು ಯಾರಾದರೂ ಎತ್ತುತ್ತಾರೆಯೇ! ಅಲ್ಲಿ ಒಂದೊಂದು ಮನೆಯಲ್ಲಿ ಒಂದೊಂದು ವಾದ್ಯ ಕೂತಿರುತ್ತದೆ, ಮನೆ ಸರಿದರೆ ವಾದ್ಯವೇ ಬದಲಾಗುತ್ತದೆ. ಅದಕ್ಕೇ ಎಸ್ತರ್ ಸ್ವರಗಳನ್ನು ಇಳಿಸಿದರೂ ತಾಳವನ್ನು ಮುಟ್ಟಿರಲಿಲ್ಲ.

ಹಾಡು ಶುರುವಾಯಿತು. ಢೋಲಕ್ಕಿನ ಪೆಟ್ಟು ಬೀಳಬೇಕಾದಲ್ಲಿ ಟಣ್ ಎಂದು ಗಂಟೆ. ಗುಮ್ಮೆನ್ನಬೇಕಾದಲ್ಲಿ ಚಪ್ಪಾಳೆ. ನಡುನಡುವೆ ಪೀಪಿ ಸೀಟಿ! ಮದುಮಗ ಬಿದ್ದು ಬಿದ್ದು ನಕ್ಕ, ಮದುಮಗಳು ಸೆರಗು ಬಾಯಿಗಿಟ್ಟುಕೊಂಡಳು. ಅದರ ಮೇಲೆ ಮೂರು ಮನೆ ಎತ್ತರದ ಶ್ರುತಿ. ಮಾನಪ್ಪ ಹಟ ಹಿಡಿದು ಹಾಡುತ್ತ ಹೋದ, ಮೇಲಿನ ಷಡ್ಜಕ್ಕೆ ಬಾಯಿ ತೆರೆದ, ಗಾಳಿ ಮಾತ್ರ ಬಂತು.

"ಈ ಡಬ್ಬಿ ಹಾಳಾಗೇತಿ, ಎತ್ತಿ ಒಗೀರಿ!" ಎಂದು ಮಾನಪ್ಪ ಕೂಗಿದ.

ನಾನು! ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ ನಾನು!

ರಘುನಾಥಸಾ ತನ್ನ ಮರ್ಯಾದೆ ಉಳಿಸಿಕೊಳ್ಳಲು ಬಾಯಿ ಬಿಟ್ಟ. "ಡಬ್ಬಿ ಸರಿ ಐತ್ರೀ ಕಾಕಾ. ನಿಮ್ಮ ಹಾಡು ಯಾರೋ ಮೂರ್ ಮನಿ ಕೆಳಗ ಇಳಿಸಿ ಇಟ್ಟಿದ್ರು. ನಾ ಬಿಳಿ ನಾಕಕ್ಕ ತಂದೀನಿ, ಅಷ್ಟ." ಮಾನಪ್ಪ ಅವನನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕೆಳಗಿಳಿದು ಹೋದ.

ಎಸ್ತರ್ ಧಾರವಾಡದಿಂದ ಬಂದದ್ದು ತಿಳಿದ ಕೂಡಲೇ ಮಾನಪ್ಪ ಅವಳ ಮನೆಗೆ ಬಂದ. ಚಹಾ ಮುಟ್ಟಲಿಲ್ಲ.

"ಎಷ್ಟ್ ವರ್ಷ ಆತವಾ?"

"ಭಾಳ ಆತ್ರೀ ಕಾಕಾ."

"ಒಂದ್ ಮಾತು ನನ್ನ ಕೇಳಬೇಕು ಅನಸಲಿಲ್ಲ?"

"ಕೇಳಿದ್ರ ನೀವು ಹಾಡೂದು ಬಿಡ್ತಿದ್ರಿ." ಎಸ್ತರ್ ಚಹಾದ ಲೋಟವನ್ನು ಅವನತ್ತ ಸರಿಸಿದಳು. "ನೀವು ಬಿಟ್ರ ಮ್ಯಾಳಾನೂ ಇಲ್ಲ, ನಾನೂ ಇಲ್ಲ."

"ಮಂದಿ ಎದ್ದು ನಿಂತಾಗೆಲ್ಲಾ ನನ್ನ ಗಂಟಲಕ್ಕ ನಿಂತಾರ ಅಂತ ತಿಳಕೊಂಡಿದ್ದೆ" ಎಂದ ಮಾನಪ್ಪ. "ಮುಂದಿನ ತಿಂಗಳ ಮ್ಯಾಳದ ಬೆಳ್ಳಿಹಬ್ಬ ಐತಲ್ಲ, ಅವತ್ತ ಬಿಳಿ ನಾಕಕ್ಕ ಹಾಕು. ಬಂತು ಅಂದ್ರ ಬಂತು. ಬರಲಿಲ್ಲಂದ್ರ ಅವತ್ತಿಗೆ ಮುಗೀತು, ಇನ್ನ ಮೈಕ್ ಮುಟ್ಟಂಗಿಲ್ಲ."

ಬೆಳ್ಳಿಹಬ್ಬದ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಮಾನಪ್ಪ ಹೇಳಿದಂತೆ ಎಸ್ತರ್ ನನ್ನನ್ನು ಬಿಳಿ ನಾಲ್ಕಕ್ಕೆ ತಂದಿದ್ದಳು. ಪಲ್ಲವಿ ಬಂತು. ಮೊದಲ ಚರಣ ಕತ್ತಿನ ನರ ಉಬ್ಬಿಸಿಕೊಂಡು ಬಂತು. ಎರಡನೆಯದರಲ್ಲಿ ಮೇಲಿನ ಷಡ್ಜಕ್ಕೆ ಕೈಯೆತ್ತಿದ, ದನಿ ಒಡೆದು ಚೂರಾಯಿತು. ನಾನು ಮುಂದೆ ಹೋದೆ. ಹೋಗದೆ ಇನ್ನೇನು ಮಾಡಲಿ? ನನಗೆ ಎಲ್ಲವೂ ಕೇಳಿಸುತ್ತದೆ, ಆದರೆ ಕೇಳಿಸಿದ್ದು ನನ್ನ ಕೆಲಸದೊಳಕ್ಕೆ ಬರಲು ಒಂದು ವೈರೂ ಇಲ್ಲ. ಅವನು ತಡವರಿಸಿ ಸಾಲು ಹಿಡಿಯುವಷ್ಟರಲ್ಲಿ ನಾನು ಮುಂದಿನ ಸಾಲಿನಲ್ಲಿದ್ದೆ. ದನಿಯಿಲ್ಲದ ಮೈಕಿನ ಹಿಂದೆ ನನ್ನ ತಾಳ ಧಿಮಿಧಿಮಿ ಎನ್ನುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಸೀಟಿ ಹೊಡೆದರು. ಮಾನಪ್ಪನ ಕೈ ಮೈಕಿನಿಂದ ಜಾರಿತು.

ಆಗ ಎಸ್ತರ್ ನನ್ನನ್ನು ನಿಲ್ಲಿಸಿದಳು. ಹಾಡಿನ ನಡುವೆ, ಸಾವಿರ ಜನರೆದುರು!

ಅವಳು ಶ್ರುತಿ ಕೊಡಲಿಲ್ಲ, ಕೀಬೋರ್ಡಿನ ಮೇಲೆ ಕೈಯಿಟ್ಟುಕೊಂಡು ಅವನ ಮುಖವನ್ನೇ ನೋಡುತ್ತ ಕೂತಳು. "ನಿಮಗೆಲ್ಲಿ ಬರ್ತೈತಿ ಅಲ್ಲಿಂದ ಹಾಡ್ರೀ ಕಾಕಾ, ನಾ ಬರ್ತೀನಿ" ಎಂದಳು. ಮಾನಪ್ಪ ಮತ್ತೆ ಮೈಕಿಗೆ ಕೈಹಾಕಿ, ಕಣ್ಣುಮುಚ್ಚಿ ಎಲ್ಲೋ ತಳದಿಂದ ಒಂದು ಸ್ವರ ಹಿಡಿದ. ನಾನು ಗುಟ್ಟಾಗಿ ಇಳಿಸಿಟ್ಟಿದ್ದ ಬಿಳಿ ಎರಡಕ್ಕಿಂತಲೂ ಕೆಳಗೆ. ಎಸ್ತರಳ ಬೆರಳು ತಡಕಾಡಿ ಅವನನ್ನು ಕೂಡಿಕೊಂಡಿತು. ದಾವಲಸಾಬ ಗಿಲಕಿ ಕೆಳಗಿಟ್ಟು ಢೋಲಕ್ಕಿನ ಗವಸು ಬಿಚ್ಚಿದ.

ಮಾನಪ್ಪನಿಗೆ ಸಾಲಿನ ನಡುವೆ ಉಸಿರು ಸಾಲಲಿಲ್ಲ, ನಿಂತ. ಎಸ್ತರ್ ನಿಂತಳು. ದಾವಲಸಾಬನ ಕೈ ಢೋಲಕ್ಕಿನ ಮೇಲೆ ಗಾಳಿಯಲ್ಲೇ ನಿಂತಿತು. ಉಸಿರು ಬಂತು, ಮೂವರೂ ಒಟ್ಟಿಗೆ ಹೊರಟರು. ಹಾಡಿನುದ್ದಕ್ಕೂ ಇದೇ. ಮುಗಿದಾಗ ಜನ ಎದ್ದು ನಿಂತರು, ಮೊದಲಿಗಿಂತ ಹೆಚ್ಚು ಹೊತ್ತು. ಮುಂದಿನ ಸಾಲಿನ ಹಿರಿಯರೊಬ್ಬರು ಕಣ್ಣೊರೆಸಿಕೊಂಡು, "ಇವತ್ತ ಖರೇ ಹಾಡು ಕೇಳಿದ್ವಿ ನೋಡ್ರಿ" ಅಂದರು.

ಖರೇ ಹಾಡಂತೆ! ಹಾಗಾದರೆ ಇಷ್ಟು ವರ್ಷ ನಾನು ಹೊತ್ತು ನಡೆಸಿದ್ದು? ನನ್ನ ಪರದೆ ನಿಂತಲ್ಲೇ ನಿಂತು ಮಿಣಿಮಿಣಿ ಎನ್ನುತ್ತಿತ್ತು, ಒಬ್ಬರೂ ಇತ್ತ ನೋಡಲಿಲ್ಲ.

ಈಗ ನಾನು ಎಸ್ತರಳ ಮನೆಯ ಕಪಾಟಿನ ಮೇಲೆ, ಹಳೆಯ ಚಾದರಗಳ ಸಂದಿನಲ್ಲಿ ಇದ್ದೇನೆ. ಮಾನಪ್ಪ ಮೈಕು ಬಿಡಲಿಲ್ಲ. ಭಾನುವಾರ ಚರ್ಚು ಮುಗಿದ ಮೇಲೆ ಮೂವರೂ ಕೆಳಗಿನ ಚಾಪೆಯ ಮೇಲೆ ಕೂಡುತ್ತಾರೆ. ಅವನು ಹಾಡುತ್ತಾನೆ, ಕೆಮ್ಮುತ್ತಾನೆ, ನೀರು ಕುಡಿಯುತ್ತಾನೆ. ಅವರು ಕಾಯುತ್ತಾರೆ. ಮೇಲಿಂದ ನೋಡುತ್ತ ನನಗೆ ಬರುವ ಸಿಟ್ಟು ಅವರ ಮೇಲಲ್ಲ, ನನ್ನನ್ನು ಮಾಡಿದವರ ಮೇಲೆ. ಹೊರಡುವುದಕ್ಕೊಂದು ಗುಂಡಿ ಇಟ್ಟರು, ನಿಲ್ಲುವುದಕ್ಕೊಂದು ಗುಂಡಿ ಇಟ್ಟರು. ಕಾಯುವುದಕ್ಕೊಂದು ಇಡಲು ಅವರಿಗೇನು ದಾಡಿಯಾಗಿತ್ತು?