ಕುಂಡಗಳ ತಲೆಗೆ ಕಟ್ಟಿದ ಸೋರಿಕೆ

ಡ್ರಿಲ್ಲಿಂಗ್ ಮಷೀನು ಕೊಂಡ ದಿನದಿಂದ ಹೆಂಡತಿ ಅವನನ್ನು ಇಂಜಿನಿಯರ್ ಎಂದು ಕರೆಯುತ್ತಿದ್ದಳು. ಬಟ್ಟೆ ಅಂಗಡಿಯಲ್ಲಿ ದಿನವಿಡೀ ಅಳತೆ ಹಾಕುವ ಮನುಷ್ಯ ಅದನ್ನು ಹೊಗಳಿಕೆಯೆಂದೇ ತಿಳಿದಿದ್ದ. ಹೀಗಾಗಿ ನಡುಮನೆಯ ತಾರಸಿ ಸೋರತೊಡಗಿದಾಗ ಕಾರಣ ಹುಡುಕಲು ಅವನು ಮೇಲೆ ಹತ್ತಲೇ ಇಲ್ಲ. ಕೂತಲ್ಲಿಂದಲೇ ಹೇಳಿದ: ಅತ್ತಿಗೆಯ ಹೂಕುಂಡಗಳು.

ಅತ್ತಿಗೆ, ಅಂದರೆ ತೀರಿಕೊಂಡ ಅಣ್ಣನ ಹೆಂಡತಿ, ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿದ್ದಳು. ಬಾಗಿಲ ಮುಂದೆ ಗುಲಾಬಿ, ಟೊಮೇಟೊ, ಹೆಸರೇ ಗೊತ್ತಿಲ್ಲದ ಒಂದು ಬಳ್ಳಿ. ಬೇರು ಕಾಂಕ್ರೀಟನ್ನು ಸೀಳುತ್ತದೆ ಎಂದು ಮೈದುನ ಊಟಕ್ಕೆ ಕೂತಾಗಲೆಲ್ಲ ಭಾಷಣ ಬಿಗಿದ. ಆಕೆ ವಾದಕ್ಕೆ ನಿಲ್ಲದೆ ಕುಂಡಗಳನ್ನೆಲ್ಲ ಎದುರು ಮನೆಯ ಟೈಲರಿಗೆ ಕೊಟ್ಟಳು. ಮುಂದಿನ ಮಳೆಗೂ ನಡುಮನೆ ಸೋರಿತು. ಬೇರು ಮಾಡುವ ಅನಾಹುತ ಆಗಲೇ ಮಾಡಿಬಿಟ್ಟಿದೆ ಎಂದ ಇಂಜಿನಿಯರ್. ಅಂದೇ ಅತ್ತಿಗೆ, ಸೋಮವಾರ ಹೊರಟು ಇನ್ನು ತಂಗಿಯ ಮನೆಯಲ್ಲೇ ಇದ್ದುಬಿಡುವುದಾಗಿ ಹೇಳಿ ಚೀಲ ಕಟ್ಟಿದಳು.

"ಅಕ್ಕನ್ನ ಕಳಿಸೋಕೆ ಮುಂಚೆ ಸೋರೋ ಜಾಗನಾದ್ರೂ ತೋರಿಸಿ," ಎಂದಳು ಹೆಂಡತಿ.

ತೋರಿಸಿಯೇ ಬಿಡುವ ಹಟ ಬಂತು. ಭಾನುವಾರ ಅವನು ತಾರಸಿಯ ನೀರು ಹೋಗುವ ಕಿಂಡಿಗೆ ಹಳೇ ಬನಿಯನ್ ತುರುಕಿ, ಜೇಡಿಮಣ್ಣಿನ ಬದು ಕಟ್ಟಿ, ತಾರಸಿಯನ್ನು ಪಾತಿ ಪಾತಿ ಮಾಡಿದ. ಒಂದೊಂದೇ ಪಾತಿಗೆ ನೀರು ತುಂಬುವುದು, ಕೆಳಗೆ ಹೆಂಡತಿ ಕತ್ತೆತ್ತಿ ಕಾಯುವುದು. ಬಕೆಟ್ಟಿನಲ್ಲಿ ನೀರು ಹೊತ್ತು ತಂದವಳು ಅತ್ತಿಗೆಯೇ. ಆರೋಪಿಯೇ ಸಾಕ್ಷಿ ಹೊತ್ತು ತರುವ ಇಂಥ ವಿಚಾರಣೆ ಯಾವ ಕೋರ್ಟಿನಲ್ಲೂ ನಡೆದಿರಲಾರದು.

ಕುಂಡಗಳ ದುಂಡನೆಯ ಕಲೆ ಉಳಿದಿದ್ದ ಪಾತಿಯಲ್ಲಿ ನೀರು ಕೆರೆಯಂತೆ ನಿಂತಿತು. ಕೆಳಗಿನಿಂದ ಸದ್ದಿಲ್ಲ. ಕಾಂಕ್ರೀಟು ನಿಧಾನಕ್ಕೆ ಕುಡಿಯುತ್ತದೆ ಎಂದ. ಅದು ಕುಡಿಯಲೇ ಇಲ್ಲ. ಬೇರೆ ದಾರಿಯಿಲ್ಲದೆ ಮೂಲೆಯ ಪಾತಿಗೆ ಸುರಿದ. ಅಲ್ಲಿದ್ದದ್ದು ಟಿವಿಯ ಡಿಶ್. ಹೊಸ ಮಷೀನಿನ ಹುಮ್ಮಸ್ಸಿನಲ್ಲಿ ತಾನೇ ತೂತು ಕೊರೆದು ಬೋಲ್ಟ್ ಬಿಗಿದದ್ದು. ಅಂದು ವೈರು ಹಿಡಿದು ನಿಂತವಳೂ ಅತ್ತಿಗೆಯೇ. ಬೋಲ್ಟಿನ ಬುಡದಲ್ಲಿ ಒಂದು ಗುಳ್ಳೆ ಎದ್ದಿತು. ಇನ್ನೊಂದು ಎದ್ದಿತು.

"ಬಂತು ಕಣ್ರೀ, ತೊಟ್ಟಿಕ್ತಿದೆ," ಕೆಳಗಿನಿಂದ ಹೆಂಡತಿ ಕೂಗಿದಳು. "ಯಾವ ಕಡೆ ಸುರಿದ್ರಿ?"

"ಕುಂಡ ಇದ್ದ ಕಡೆ," ಎಂದುಬಿಟ್ಟ.

ಹೇಳಿದ ಮೇಲೆ ಅತ್ತಿಗೆ ಪಕ್ಕದಲ್ಲೇ ಇರುವುದು ನೆನಪಾಯಿತು. ಆಕೆ ಗುಳ್ಳೆಯನ್ನು ನೋಡಿದಳು, ಅವನನ್ನು ನೋಡಿದಳು. ಆಮೇಲೆ ಮೆಟ್ಟಿಲ ಕಡೆ ಬಗ್ಗಿ, "ಹೂಂ ಕಣೇ, ಕುಂಡದ ಕಡೆನೇ," ಎಂದು ಹೇಳಿ ಕೋಣೆಯೊಳಗೆ ಹೋದಳು.

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈಗ ಅವನ ಕಿವಿ ಸುಡತೊಡಗಿತು. ಸಾಲದ್ದಕ್ಕೆ, ಡಿಶ್ ಬಿಚ್ಚದೆ ತೂತು ಮುಚ್ಚುವಂತಿರಲಿಲ್ಲ. ಬಿಚ್ಚಿದರೆ ಗುಟ್ಟು ರಟ್ಟು. ಬಿಚ್ಚದಿದ್ದರೆ ಮನೆ ಸೋರುತ್ತಲೇ ಇರುತ್ತದೆ, ದೂರಲು ಅತ್ತಿಗೆಯೂ ಇರುವುದಿಲ್ಲ. ಸ್ಪ್ಯಾನರ್ ಹಿಡಿದು ಆ ನೀರಿನಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ. ಆಮೇಲೆ ಬಿಚ್ಚಿದ.

ಹೆಂಡತಿ ಮೇಲೆ ಬಂದಾಗ ಡಿಶ್ ಅಂಗಾತ ಬಿದ್ದಿತ್ತು.

"ಕುಂಡದ ಕಡೆ ಸೋರಿದ್ರೆ ಇದನ್ಯಾಕ್ರೀ ಬಿಚ್ಚಿದ್ರಿ?"

"ನಾನು ಕೊರೆದ ತೂತು," ಎಂದ, ತೂತಿಗೇ ಹೇಳುವವನಂತೆ. "ಆಗ ಸುಳ್ಳು ಹೇಳ್ದೆ."

ಅವಳು ಇಂಜಿನಿಯರ್ ಎನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಕಿಂಡಿ ತೆರೆದು ನೀರು ಹೊರಬಿಟ್ಟು, ತಾರಸಿ ಒಣಗಿದ ಮೇಲೆ ತೂತುಗಳಿಗೆ ಸಿಮೆಂಟು ಗಿಡಿದು, ಅವನು ಎದುರು ಮನೆಗೆ ಹೋದ. ಕುಂಡ ವಾಪಸ್ ಯಾಕೆಂದು ಟೈಲರ್ ಕೇಳಿದ, ಹೇಳಬೇಕಾಯಿತು. ಟೈಲರನ ಹೆಂಡತಿ ಒಳಗಿನಿಂದ ಬಂದು ಏನು ವಿಷಯ ಎಂದಳು. ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಪುಣ್ಯಕ್ಕೆ ಆ ಮನೆಯಲ್ಲಿ ಇರುವುದು ಇಬ್ಬರೇ.

ಗುಲಾಬಿ ಕುಂಡವನ್ನು ತಬ್ಬಿಕೊಂಡು ಮೆಟ್ಟಿಲು ಹತ್ತಿ ಬಂದಾಗ ಚೀಲ ಬಾಗಿಲಲ್ಲೇ ಇತ್ತು, ಕಟ್ಟಿದಂತೆಯೇ. "ಅತ್ತಿಗೆ," ಎಂದ. ಕುಂಡವನ್ನು ಆಕೆಯ ಕಡೆ ವಾಲಿಸಿದ.

ಆಕೆ ಕುಂಡದ ಮಣ್ಣನ್ನು ಬೆರಳಲ್ಲಿ ಒತ್ತಿ ನೋಡಿದಳು. "ಆ ಟೈಲರ್ ಒಂದು ತೊಟ್ಟು ನೀರು ಹಾಕಿಲ್ಲ," ಎಂದಳು. ಚೀಲದ ಗಂಟು ಬಿಚ್ಚಿ, ಬಟ್ಟೆಗಳ ಅಡಿಯಿಂದ ಮಣ್ಣು ಕೆದಕುವ ಪುಟ್ಟ ಸಲಿಕೆ ಹೊರತೆಗೆದಳು. "ಇಳಿಸಪ್ಪ. ಎಷ್ಟು ಹೊತ್ತು ಹಿಡ್ಕೊಂಡು ನಿಂತಿರ್ತೀಯ."

ಇಳಿಸಿದರೆ ಮುಖ ಕಾಣುತ್ತದೆಂದು ಅವನು ಇನ್ನೂ ಸ್ವಲ್ಪ ಹೊತ್ತು ಹಿಡಿದೇ ನಿಂತ.