ಗಂಟು ಹಾಕದ ಹೊಲಿಗೆ

ಕೋಟಿನ ಎಡತೋಳನ್ನು ಒಳಮಗ್ಗುಲು ಹೊರಗೆ ಬರುವಂತೆ ತಿರುವಿದ ಅತ್ತೆಮ್ಮನ ಕೈ ಅಲ್ಲೇ ನಿಂತಿತು. ಮೊಣಕೈಯ ಹತ್ತಿರ ಹಳೆಯ ಹೊಲಿಗೆಯೊಂದಿತ್ತು. ಮಣ್ಣುಹಸಿರು ಬಣ್ಣದ ಸೈನ್ಯದ ಕೋಟಿಗೆ ಕಂದು ಉಣ್ಣೆಯ ನೂಲು ಹಾಕಿ ಯಾರೋ ಹೊಲಿದಿದ್ದರು. ಯಾರೋ ಏನು, ಅವಳೇ. ಆ ನೂಲು ಅಂಗಡಿಯದ್ದಲ್ಲ, ತೀರಿಹೋದ ಗಂಡನ ಮಫ್ಲರಿನ ತುದಿಯಿಂದ ಬಿಚ್ಚಿ ತೆಗೆದದ್ದು. ಮಗ ಕಳೆದ ಸಲ ರಜೆಗೆ ಬಂದಾಗ ಗೇಟಿನ ಮೊಳೆಗೆ ತೋಳು ಸಿಕ್ಕಿಸಿ ಹರಿದುಕೊಂಡಿದ್ದ. "ಈ ಬಣ್ಣದ ನೂಲು ಹಾಕಿದ್ರೆ ಎಲ್ರೂ ನಗ್ತಾರಮ್ಮ" ಅಂದಿದ್ದ. "ನಗಲಿ ಬಿಡೋ, ನಿನ್ನ ಮೊಣಕೈ ನೋಡೋಕೆ ಯಾರು ಕಾದು ಕೂತಿದ್ದಾರೆ" ಅಂದು ಇವಳು ಹಲ್ಲಿನಲ್ಲಿ ನೂಲು ಕಡಿದಿದ್ದಳು.

ಅತ್ತೆಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. ಕನ್ನಡಕ ಒರೆಸಿದ ಮಾತ್ರಕ್ಕೆ ನೂಲಿನ ಬಣ್ಣ ಬದಲಾಗುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಯುದ್ಧಕ್ಕೆ ಮೊದಲು ಅದು ಹೆಣ್ಣುಮಕ್ಕಳ ಶಾಲೆ. ಈಗ ಡೆಸ್ಕುಗಳನ್ನು ಜೋಡಿಸಿ ಉದ್ದನೆಯ ಮೇಜು ಮಾಡಿಕೊಂಡು, ಇಪ್ಪತ್ತೆರಡು ಹೆಂಗಸರು ಗಡಿಯಿಂದ ವಾಪಸು ಬಂದ ಕೋಟುಗಳನ್ನು ಹೊಲಿದು ಮತ್ತೆ ಗಡಿಗೆ ಕಳಿಸುತ್ತಿದ್ದರು. ಕೋಟುಗಳು ಮೊದಲು ಲಾಂಡ್ರಿಗೆ ಹೋಗಿ, ಒಗೆದು ಒಣಗಿ ಬರುತ್ತಿದ್ದವು. ಮೊದಮೊದಲು ಕಾಲರಿನ ಒಳಗೆ ನಂಬರಿನ ಪಟ್ಟಿ ಇರುತ್ತಿತ್ತು. ಒಬ್ಬ ಹುಡುಗಿ ತನ್ನ ಅಣ್ಣನ ನಂಬರು ನೋಡಿ, ಕೋಟನ್ನು ಅವುಚಿಕೊಂಡು ಬೀದಿಗೆ ಓಡಿದ ಮೇಲೆ ಪಟ್ಟಿಯನ್ನು ಕತ್ತರಿಸಿಯೇ ಕಳಿಸಬೇಕೆಂದು ಆಜ್ಞೆಯಾಯಿತು. ಅಲ್ಲಿಗೆ ಯಾವ ಕೋಟೂ ಯಾರದ್ದೂ ಅಲ್ಲ ಎಂದಾಯಿತು. ಹೆಂಗಸರು ತೂತುಗಳಿಗೆ ತಮ್ಮದೇ ಹೆಸರಿಟ್ಟುಕೊಂಡಿದ್ದರು: ಇಲಿ ಕಡಿದದ್ದು, ಮೊಳೆ ತಾಗಿದ್ದು, ಸಿಗರೇಟು ಸುಟ್ಟದ್ದು. "ಈ ವಾರ ಇಲಿ ಕಾಟ ಜಾಸ್ತಿ ಕಣ್ರೇ" ಎಂದು ಒಬ್ಬಳು ಅಂದರೆ ಉಳಿದವರು ನಗುತ್ತಿದ್ದರು. ನಗದೇ ಹೋದರೆ ಸೂಜಿ ಮುಂದಕ್ಕೆ ಹೋಗುವುದಾದರೂ ಹೇಗೆ?

ಇಡೀ ಕೋಣೆ ಅವಳನ್ನು ಅತ್ತೆಮ್ಮ ಎಂದು ಕರೆಯುವುದಕ್ಕೆ ಕಾರಣ ಅವಳ ಸೊಸೆ. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಒಂದೇ ಬೆಂಚಿನಲ್ಲಿ ಕೂತು, ಸೊಸೆ ಗಳಿಗೆಗೊಮ್ಮೆ "ಅತ್ತೆ, ಇದು ಹೀಗಾ? ಅತ್ತೆ, ಇಲ್ಲಿ ಹೇಗೆ?" ಎನ್ನುತ್ತಿದ್ದದ್ದೇ ಹೆಸರಾಗಿ ನಿಂತಿತು. ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಮೇಜುಗಳ ಸುತ್ತ ತಿರುಗುವ ಮೇಲ್ವಿಚಾರಕಿಯನ್ನು ಎಲ್ಲರೂ ಸೀಟಿ ಮೇಡಂ ಅನ್ನುತ್ತಿದ್ದರು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಿಮಗಿಬ್ಬರಿಗೂ ಒಂದೇ ಸಲ ಬಂದುಬಿಟ್ಟಿದೆಯಲ್ರೀ ಕಾಲ" ಎಂದು ಅವಳು ಕೆಣಕುತ್ತಿದ್ದಳು. ಆದರೆ ನಾಲ್ಕು ತಿಂಗಳ ಹಿಂದೆ ಸೊಸೆ ಇದ್ದಕ್ಕಿದ್ದಂತೆ ಗುಂಡಿ ಹಚ್ಚುವ ಮೇಜಿಗೆ ಹೋಗುತ್ತೇನೆಂದು ಹಟ ಹಿಡಿದಳು. ತೂತು ನೋಡಿ ನೋಡಿ ಕಣ್ಣು ನೋಯುತ್ತದಂತೆ. "ಇಪ್ಪತ್ತಾರಕ್ಕೇ ಕಣ್ಣು ನೋವಾ? ಅರವತ್ತೆರಡಾದ ನಾನೇ ಕೂತಿದ್ದೀನಿ" ಎಂದು ಅತ್ತೆಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಕೋಟು ಈಗ ಅವಳ ಮುಂದೆ ಬಂದದ್ದು ಬೆನ್ನಿನಲ್ಲಿದ್ದ ತೂತಿಗಾಗಿ. ಹೊಸ ತೂತು. ಅವಳು ಜೀವವನ್ನು ಕೈಯಲ್ಲಿ ಹಿಡಿದುಕೊಂಡು ಯೋಚಿಸಿದಳು. ಕೋಟುಗಳು ಮೈ ಬದಲಾಯಿಸುತ್ತವೆ, ಎಲ್ಲರಿಗೂ ಗೊತ್ತಿರುವ ಮಾತು. ಹೊಸದು ಸಿಕ್ಕಾಗ ಮಗ ಇದನ್ನು ಬಿಟ್ಟಿರಬಹುದು, ಯಾವನೋ ಹಾಕಿಕೊಂಡಿರಬಹುದು. ಹೋದ ಶನಿವಾರ ತಾನೇ ಅವನ ಕಾಗದ ಬಂದಿದೆ! ಹೀಗೆ ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತ ಅವಳು ಕೋಟನ್ನು ಮಗುಚಿದಳು. ಎದೆಯ ಎಡಭಾಗದಲ್ಲಿ, ಜೇಬಿನ ಕೆಳಗೆ, ಇನ್ನೊಂದು ಹೊಲಿಗೆಯಿತ್ತು. ಹೆಬ್ಬೆರಳಿನ ಉಗುರಿನಷ್ಟು ಜಾಗ, ಹಸಿರು ನೂಲು, ಬಹಳ ನಯವಾದ ಕೆಲಸ. ಅದರ ಸುತ್ತ ಲೈನಿಂಗಿನ ಮೇಲೆ ಲಾಂಡ್ರಿಯ ಸೋಪಿಗೂ ಹೋಗದ ಕಲೆಯೊಂದು ಅಂಗೈಯಗಲ ಹಬ್ಬಿತ್ತು.

ಅವಳು ಹೊಲಿಗೆಯ ಹಿಂಬದಿಯನ್ನು ಬೆರಳಿನಿಂದ ಸವರಿದಳು. ಗಂಟು ಸಿಗಲಿಲ್ಲ. ಮತ್ತೊಮ್ಮೆ ಸವರಿದಳು.

ಆ ಕೋಣೆಯಲ್ಲಿ ಎಲ್ಲರೂ ನೂಲಿನ ತುದಿಗೆ ಗಂಟು ಹಾಕಿಯೇ ಶುರು ಮಾಡುವುದು. ಕೆಲಸ ಬೇಗ ಸಾಗುತ್ತದೆ, ಸೀಟಿ ಮೇಡಂಗೂ ಅದೇ ಬೇಕು. ಅತ್ತೆಮ್ಮ ಮಾತ್ರ ಗಂಟು ಹಾಕಿದವಳಲ್ಲ. ಮಗ ಕೂಸಾಗಿದ್ದಾಗ ಬಟ್ಟೆಯ ಒಳಗಿನ ಗಂಟು ಒತ್ತಿ ಮೈಮೇಲೆ ಕೆಂಪಗೆ ದದ್ದು ಏಳುತ್ತಿತ್ತು. ಅಂದಿನಿಂದ ಅವಳು ನೂಲಿನ ತುದಿಯನ್ನು ಬಟ್ಟೆಯ ಎಳೆಗಳ ಒಳಗೇ ಹಿಂದಕ್ಕೆ ನೇಯ್ದು ಅಡಗಿಸುತ್ತಿದ್ದಳು. ಒಂದಕ್ಕೆ ಎರಡರಷ್ಟು ಹೊತ್ತು ಹಿಡಿಯುತ್ತದೆ. ಸೊಸೆ ಮನೆಗೆ ಬಂದ ಹೊಸದರಲ್ಲಿ "ನಿನ್ನ ಗಂಡನ ಮೈ ಹೂವಿನಂಥದ್ದು ಕಣಮ್ಮ, ಗಂಟು ಹಾಕಬೇಡ" ಎಂದು ಕೂರಿಸಿಕೊಂಡು ಕಲಿಸಿದ್ದಳು. ಅವಳೊಬ್ಬಳಿಗೇ ಕಲಿಸಿದ್ದು.

ಎದೆಯ ಈ ಹೊಲಿಗೆಯನ್ನು ಅತ್ತೆಮ್ಮ ಹಾಕಿದ್ದಲ್ಲ. ಹಾಗಾದರೆ ಹಾಕಿದವಳು ಇನ್ನೊಬ್ಬಳೇ. ಸುಳ್ಳು ಹೇಳುವುದನ್ನು ಸೊಸೆಯ ಬಾಯಿ ಕಲಿತಿತ್ತು, ಕೈ ಕಲಿತಿರಲಿಲ್ಲ.

ಕಾಗದಗಳ ವಿಷಯ ಆಮೇಲೆ ತಾನಾಗಿಯೇ ಬಿಚ್ಚಿಕೊಂಡಿತು. ಅತ್ತೆಮ್ಮನಿಗೆ ಓದು ಬರದು. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ, ಸೊಸೆ ಅಂಚೆ ಕಚೇರಿಗೆ ಹೋಗಿ ಕಾಗದ ತಂದು ಓದಿ ಹೇಳುತ್ತಿದ್ದಳು. ಮಗ ಮೊದಲು ಬರೆಯುತ್ತಿದ್ದದ್ದು ಒಂದೂವರೆ ಸಾಲು. "ಚೆನ್ನಾಗಿದ್ದೇನೆ. ಚಳಿ ಇದೆ. ಕಾಲುಚೀಲ ಕಳಿಸಿ." ಮುಗಿಯಿತು. ಆದರೆ ನಾಲ್ಕು ತಿಂಗಳಿಂದ ಕಾಗದ ಎರಡೆರಡು ಪುಟಕ್ಕೆ ಬೆಳೆದಿತ್ತು. ಅಮ್ಮನ ಮೊಣಕಾಲು ನೋವು ಹೇಗಿದೆ, ಬಿಸಿನೀರಿನ ಶಾಖ ಕೊಡುತ್ತಿದ್ದೀರಾ, ಮೆಟ್ಟಿಲು ಹತ್ತುವಾಗ ಜೋಪಾನ. ಅತ್ತೆಮ್ಮ ಅದನ್ನು ಇಡೀ ಕೋಣೆಗೆ ಸಾರಿದ್ದಳು. "ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ, ನನ್ನ ಮಗಂದು ಹೋಯ್ತು ನೋಡಿ. ಆ ಹಾಳು ಯುದ್ಧ ಇದೊಂದಾದ್ರೂ ಒಳ್ಳೇದು ಮಾಡ್ತು" ಎಂದಿದ್ದಳು. ಹುಟ್ಟಿದಾಗಿನಿಂದ ತಾಯಿಯ ಒಂದು ನೋವನ್ನೂ ಕೇಳಿದವನಲ್ಲ ಅವನು. ಪ್ರೀತಿ ಇರಲಿಲ್ಲ ಅಂತಲ್ಲ, ಕೇಳುವುದು ಬರುತ್ತಿರಲಿಲ್ಲ. ಅಂಥವನಿಗೆ ಬಿಸಿನೀರಿನ ಶಾಖದ ಮಾತು ಎಲ್ಲಿಂದ ಬಂತು ಎಂದು ಒಮ್ಮೆಯಾದರೂ ಯೋಚಿಸಬೇಡವೇ? ಯೋಚಿಸಿರಲಿಲ್ಲ, ಏಕೆಂದರೆ ಕೇಳುವುದಕ್ಕೆ ಅಷ್ಟು ಹಿತವಾಗಿತ್ತು.

ಮಗ ಇಲ್ಲ. ಅದರ ಹಿಂದೆಯೇ ಸೊಸೆಯ ಮೇಲೆ ಕೋಪ ಉಕ್ಕಿತು. ನಾಲ್ಕು ತಿಂಗಳು ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ!

"ಏನ್ ಅತ್ತೆಮ್ಮ, ಸೂಜಿ ನಿದ್ದೆ ಹೊಡೀತಿದೆಯಾ?" ಸೀಟಿ ಮೇಡಂ ಹಿಂದೆ ಬಂದು ನಿಂತಿದ್ದಳು.

"ಇಲ್ಲ ಮೇಡಂ."

"ಎಷ್ಟಾಯ್ತು ಇದಕ್ಕೆ?"

"ಬೆನ್ನಿಂದು ಸೇರಿದ್ರೆ ಮೂರು."

"ಹಾಗಾದ್ರೆ ಹೋಗುತ್ತೆ. ಬೇಗ ಮುಗಿಸಿ, ಹನ್ನೆರಡೂವರೆಗೆ ಲಾರಿ."

ಅದು ಅಲ್ಲಿಯ ಕಾನೂನು. ಮೂರು ಕಡೆ ಹೊಲಿಗೆ ಬಿದ್ದ ಕೋಟು ಗಡಿಗೆ ಹೋಗುತ್ತದೆ, ನಾಲ್ಕು ಬಿದ್ದರೆ ಚಿಂದಿಯ ರಾಶಿಗೆ, ಬಂದೂಕು ಒರೆಸುವುದಕ್ಕೆ. ಕತ್ತರಿ ಕೈಗೆ ಎಟುಕುವಲ್ಲೇ ಇತ್ತು. ಕೋಟಿನ ಕೆಳ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಹಾಕಿದರೆ ಸಾಕು, ನಾಲ್ಕಾಗುತ್ತದೆ. ಇಬ್ಬರನ್ನು ನುಂಗಿದ ಈ ಕೋಟನ್ನು ಮೂರನೆಯವನು ಹಾಕಿಕೊಳ್ಳುವುದು ತಪ್ಪುತ್ತದೆ. ಅವಳು ಕತ್ತರಿಯನ್ನು ಎತ್ತಿದಳು, ಅಂಚನ್ನು ಹಿಡಿದಳು. ಉಣ್ಣೆ ಇನ್ನೂ ದಪ್ಪಗೆ, ಗಟ್ಟಿಯಾಗಿತ್ತು, ಇನ್ನೆರಡು ಚಳಿಗಾಲಕ್ಕೆ ಬರುವಂತಿತ್ತು. ಎಲ್ಲೋ ಒಂದು ಕಡೆ ಕೋಟಿಲ್ಲದೆ ಕಂಕುಳಲ್ಲಿ ಕೈಯಿಟ್ಟುಕೊಂಡು ನಡುಗುತ್ತಿರುವವನಿಗೂ ಒಬ್ಬ ತಾಯಿ ಇದ್ದಾಳು. ತಾನು ಹೊಲಿಯುವುದರಿಂದ ಅವನು ಬದುಕುತ್ತಾನೋ, ಹೊಲಿದು ಹೊಲಿದು ಕೊಡುವುದರಿಂದಲೇ ಈ ಯುದ್ಧ ಮುಗಿಯುತ್ತಿಲ್ಲವೋ, ಅವಳಿಗೆ ತಿಳಿಯಲಿಲ್ಲ. ಅದನ್ನು ತಿಳಿದವರು ಯಾರೂ ಆ ಕೋಣೆಯಲ್ಲಿರಲಿಲ್ಲ. ಕತ್ತರಿ ಕೆಳಗಿಟ್ಟು ಸೂಜಿಗೆ ನೂಲು ಪೋಣಿಸಿದಳು. ಮೂರು ಸಲ ತಪ್ಪಿ ನಾಲ್ಕನೆಯ ಸಲ ಕಣ್ಣಿಗೆ ಸೇರಿತು. ಬೆನ್ನಿನ ತೂತನ್ನು ಅವಳು ಗಂಟಿಲ್ಲದೆಯೇ ಹೊಲಿದಳು.

ಮಧ್ಯಾಹ್ನ ಮನೆಗೆ ಬಂದಾಗ ಕಿಟಕಿಯಿಂದ ಬಿಸಿಲು ಮಂಚದವರೆಗೂ ಬಿದ್ದಿತ್ತು. ಅವರದ್ದು ಒಂದೇ ಕೋಣೆ, ಮೂಲೆಯಲ್ಲಿ ಒಲೆ. ಅತ್ತೆಮ್ಮ ಚಹಾಕ್ಕೆ ನೀರಿಟ್ಟಳು. ಅಂಚೆ ಕಚೇರಿಯ ಕಡೆಯಿಂದ ಬಂದ ಸೊಸೆ ಚಪ್ಪಲಿ ಬಿಟ್ಟು, ಕಿಟಕಿಯ ಹತ್ತಿರ ಕೂತು, ಚೀಲದಿಂದ ಕಾಗದ ತೆಗೆದಳು.

"ಈ ಸಲಾನೂ ಉದ್ದಕ್ಕೇ ಬರೆದಿದ್ದಾರೆ ಅತ್ತೆ. ಓದ್ಲಾ?"

ಅತ್ತೆಮ್ಮ ಮಂಚದ ಮೇಲೆ ಕೂತಳು. ಸೊಸೆ ಓದತೊಡಗಿದಳು. "ಅಮ್ಮಾ, ನಾನು ಚೆನ್ನಾಗಿದ್ದೇನೆ. ಇಲ್ಲಿ ಹಿಮ ಕರಗುತ್ತಿದೆ. ನಿಮ್ಮ ಮೊಣಕಾಲು..."

"ಅವನ ಕೋಟು ಇವತ್ತು ನನ್ನ ಮೇಜಿಗೆ ಬಂತು."

ಯಾವ ಕೋಟು ಎಂದು ಸೊಸೆ ಕೇಳಲಿಲ್ಲ. ಕಾಗದದಿಂದ ಕಣ್ಣನ್ನೂ ತೆಗೆಯಲಿಲ್ಲ. "ಮತ್ತೆ ವಾಪಸ್ ಬಂತಾ?" ಎಂದಳು.

"ಬೆನ್ನಿಗೆ ಬಿದ್ದಿತ್ತು. ಬೇರೆ ಯಾರಿಗೋ."

"ಏನು ಮಾಡಿದ್ರಿ?"

"ಹೊಲಿದು ಕಳಿಸಿದೆ."

"ಕಳಿಸಿಬಿಟ್ರಾ?" ಸೊಸೆಯ ಧ್ವನಿ ಏರಿತು.

"ನೀನ್ಯಾಕೆ ಕಳಿಸಿದ್ದೆ?"

"ಆಗ ಚಳಿ ಇತ್ತಲ್ಲ ಅತ್ತೆ."

"ಈಗ್ಲೂ ಇದೆ."

ನೀರು ಕುದಿಯುತ್ತಿತ್ತು. ಯಾರೂ ಎದ್ದು ಒಲೆ ಆರಿಸಲಿಲ್ಲ. "ಖಾತ್ರಿನಾ?" ಎಂದು ಅತ್ತೆಮ್ಮ ಕೇಳಿದಳು. ಕೇಳುವಾಗ ಎಲ್ಲೋ ಒಂದು ಎಳೆ ಆಸೆ ಇನ್ನೂ ಇತ್ತು, ಅದಕ್ಕೆ ಅವಳಿಗೇ ನಾಚಿಕೆಯಾಯಿತು.

"ಹಲ್ಲು ನೋವು ಅಂತ ಒಂದು ಶನಿವಾರ ರಜೆ ಹಾಕಿದ್ನಲ್ಲ, ಅವತ್ತು ಸೈನ್ಯದ ಕಚೇರಿಗೆ ಹೋಗಿದ್ದೆ. ಗೋಡೆ ಮೇಲೆ ಪಟ್ಟಿ ಅಂಟಿಸಿದ್ರು. ಮೇಲಿಂದ ಒಂಬತ್ತನೇ ಹೆಸರು."

"ನಾನು ಹೆತ್ತವಳು ಕಣೇ!" ಅತ್ತೆಮ್ಮ ಮಂಚದ ಅಂಚಿಗೆ ಕೈ ಅಪ್ಪಳಿಸಿದಳು. "ನಾಲ್ಕು ತಿಂಗಳು ನನ್ನನ್ನ ಕುಣಿಸಿದೆಯಲ್ಲೇ! ನನ್ನ ಮಗ ಹಾಗೆ ಬರೀತಾನೆ, ಹೀಗೆ ಬರೀತಾನೆ ಅಂತ ಊರಿಗೆಲ್ಲ ಡಂಗುರ ಹೊಡ್ಕೊಂಡು ತಿರುಗಿದ್ನಲ್ಲೇ ನಾನು! ನಗಾಡ್ಕೊಂಡು ಊಟ ಮಾಡಿದ್ನಲ್ಲೇ!"

"ಹೇಳ್ಬೇಕು ಅಂತಾನೇ ಬಂದೆ ಅತ್ತೆ ಅವತ್ತು. ಮೆಟ್ಟಿಲು ಹತ್ತುವಾಗ ಹೇಗೆ ಹೇಳೋದು ಅಂತ ಲೆಕ್ಕ ಹಾಕ್ಕೊಂಡು ಬಂದೆ. ಬಾಗಿಲು ತೆಗೆದ ತಕ್ಷಣ ನೀವು 'ಕಾಗದ ಬಂತಾ' ಅಂದ್ರಿ. ಬಂತು ಅಂದ್ಬಿಟ್ಟೆ." ಸೊಸೆ ಮೂಗು ಒರೆಸಿಕೊಂಡಳು. "ಒಂದು ವಾರ ಮಾತ್ರ ಅಂದ್ಕೊಂಡೆ. ಆಮೇಲೆ ನನಗೇ ಬಿಡೋಕಾಗ್ಲಿಲ್ಲ. ವಾರಕ್ಕೊಂದು ಸಲ ಆದ್ರೂ ಅವರು ಈ ಮನೇಲಿ ಮಾತಾಡ್ತಿದ್ರು. ನಿಮಗೆ ಓದಿ ಆದ ಮೇಲೆ ಕೊನೇಲಿ ನನಗೆ ಅಂತ ಒಂದು ಸಾಲು ಬರ್ಕೊಂಡಿರ್ತಿದ್ದೆ. ಅದನ್ನ ಜೋರಾಗಿ ಓದ್ತಿರಲಿಲ್ಲ."

ಅತ್ತೆಮ್ಮನ ಕೈ ಇನ್ನೂ ಮಂಚದ ಅಂಚಿನ ಮೇಲೇ ಇತ್ತು. ಬಿಸಿಲಿಗೆ ಮುಖಮಾಡಿ ಕೂತಿದ್ದ ಸೊಸೆಯನ್ನು ಅವಳು ಬಹಳ ದಿನಗಳ ಮೇಲೆ ಸರಿಯಾಗಿ ನೋಡಿದಳು. ಕೊರಳಿನ ಮೂಳೆಗಳು ಎದ್ದು ಕಾಣುತ್ತಿದ್ದವು. ಗಂಡ ಸತ್ತ ಮೇಲೆ ಒಂದು ದಿನವೂ ಬಾಯಿಬಿಟ್ಟು ಅತ್ತಿರಲಿಲ್ಲ ಈ ಹುಡುಗಿ. ಅಳುವುದಕ್ಕೆ ಈ ಮನೆಯಲ್ಲಿ ಇವಳಿಗೆ ಜಾಗ ಎಲ್ಲಿತ್ತು?

"ಇವತ್ತಿಂದರಲ್ಲೂ ಇದೆಯಾ ಆ ಸಾಲು?"

ಸೊಸೆ ಹೌದೆಂದು ತಲೆಯಾಡಿಸಿದಳು.

"ಓದು."

ಸೊಸೆ ಕಾಗದವನ್ನು ಕಣ್ಣಿನ ಹತ್ತಿರ ತಂದಳು. ಆಮೇಲೆ ತುಟಿ ಕಚ್ಚಿಕೊಂಡು, ಆಗುವುದಿಲ್ಲ ಎಂಬಂತೆ ತಲೆ ಅಲ್ಲಾಡಿಸಿದಳು.

ಅತ್ತೆಮ್ಮ ಎದ್ದು ಒಲೆ ಆರಿಸಿದಳು. ನೋಯುವ ಕಾಲನ್ನು ಎಳೆದುಕೊಂಡು ಬಂದು ಸೊಸೆಯ ಪಕ್ಕದಲ್ಲಿ ಕೂತಳು. ಕಾಗದವನ್ನು ಅವಳ ಕೈಯಿಂದ ತೆಗೆದುಕೊಂಡು, ತೊಡೆಯ ಮೇಲೆ ಹರಡಿ, ಮಡಿಕೆಗಳನ್ನು ಸವರಿ ಸರಿಮಾಡಿದಳು. ಕನ್ನಡಕ ಏರಿಸಿಕೊಂಡು, ಕೊನೆಯ ಸಾಲಿನ ಕೆಳಗೆ ಬೆರಳಿಟ್ಟಳು.

"'ಯಾಕೇ ಇಷ್ಟು ಸಣ್ಣಗಾಗಿದೀಯ' ಅಂತ ಕೇಳಿದಾನೆ," ಎಂದಳು. ಬೆರಳು ನಿಧಾನವಾಗಿ ಮುಂದಕ್ಕೆ ಸರಿಯಿತು. "'ಅಮ್ಮ ಬೈದ್ರೆ ಮನಸ್ಸಿಗೆ ಹಚ್ಕೋಬೇಡ, ಅವಳ ಬಾಯಿ ಮೊದಲಿಂದಲೂ ಹಾಗೇ. ಹೊಟ್ಟೆ ತುಂಬ ಊಟ ಮಾಡು. ಅವಳ ಹತ್ರಾನೇ ಮಲಕ್ಕೋ, ಒಬ್ಬಳೇ ಗೋಡೆ ಕಡೆ ತಿರುಗಿ ಮಲಗಬೇಡ...'"

ಸೊಸೆ ಅತ್ತೆಯ ಹೆಗಲಿಗೆ ಹಣೆ ಇಟ್ಟಳು. ಅತ್ತೆಮ್ಮನ ಬೆರಳು ಕೊನೆಯ ಸಾಲನ್ನು ದಾಟಿ, ಕಾಗದದ ಕೆಳಗಿನ ಖಾಲಿ ಜಾಗಕ್ಕೆ ಇಳಿದಿತ್ತು. ಅವಳು ಓದುತ್ತಲೇ ಇದ್ದಳು.